ನಾಲ್ಕನೇ ಫಾರ್ಮು

ಫೋನು ಬಂದಾಗ ಪದ್ಮಯ್ಯ ಊಟಕ್ಕೆ ಕೂತಿದ್ದ. ಬಲಗೈ ಬಂಗುಡೆ ಮೀನಿನ ಸಾರಿನಲ್ಲಿತ್ತು. ಎಡಗೈಯ ಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ.

"ಪದ್ಮಯ್ಯ ಅವರಾ ಸರ್? ‘ಪದ ಕಟ್ಟು ಲಕ್ಷ ಮುಟ್ಟು’ ಪ್ರೋಗ್ರಾಮಿಂದ ಮಾತಾಡ್ತಿದೀವಿ. ಪೇಪರಲ್ಲಿ ಬಂದ ಪದಬಂಧದ ಫಾರ್ಮ್ ತುಂಬಿ ಕಳಿಸಿದ್ರಲ್ಲ, ಎಲ್ಲಾ ಸರಿ ಇದೆ ಸರ್! ನಿಮ್ಮ ತಾಲೂಕಿಂದ ಎಲ್ಲಾ ಸರಿ ಮಾಡಿದವರು ಹನ್ನೊಂದೇ ಜನ. ಮೂಡುಬಿದಿರೆಯಲ್ಲಿ ಆಡಿಷನ್ ಇದೆ. ಬರ್ತೀರಲ್ಲ?"

ಅಡುಗೆಮನೆಯ ಬಾಗಿಲಲ್ಲಿ ಸೇಸಮ್ಮ ಅನ್ನದ ಸಟ್ಟುಗ ಹಿಡಿದು ನಿಂತಿದ್ದಳು. ಪದ್ಮಯ್ಯ ಹೆಂಡತಿಯನ್ನು ಒಮ್ಮೆ ನೋಡಿದ. ಆಮೇಲೆ ಫೋನನ್ನು ನೋಡಿದ.

"ಬರ್ತೇನೆ," ಅಂದ. "ಖಂಡಿತ ಬರ್ತೇನೆ."

ಆ ಮನೆಯಲ್ಲಿ ಪದಬಂಧ ಬಿಡಿಸುತ್ತಿದ್ದವಳು ಸೇಸಮ್ಮ ಒಬ್ಬಳೇ. ಬೆಳಿಗ್ಗೆ ರಬ್ಬರ್ ಹಾಲು ಹೊತ್ತು ತಂದು, ಸೋಸಿ, ಟ್ರೇಗಳಿಗೆ ಹೊಯ್ದು ಆಸಿಡ್ ಬೆರೆಸಿದ ಮೇಲೆ ಅದು ಗಟ್ಟಿಯಾಗುವ ತನಕ ಕಾಯಬೇಕು. ಆ ಹೊತ್ತು ಅವಳದ್ದು. ಶೆಡ್ಡಿನ ಮೆಟ್ಟಿಲಲ್ಲಿ ಕೂತು, ಮೊಣಕಾಲ ಮೇಲೆ ಪೇಪರು ಇಟ್ಟುಕೊಂಡು, ರಬ್ಬರಿನ ವಾಸನೆಯ ಕೈಯಲ್ಲೇ ಪೆನ್ನು ಹಿಡಿಯುತ್ತಿದ್ದಳು. ಪೆನ್ಸಿಲು ಅವಳಿಗೆ ಬೇಕಾದದ್ದೇ ಇಲ್ಲ.

ಭಾನುವಾರದ ಪದಬಂಧಕ್ಕೆ ಬಹುಮಾನ ಇತ್ತು. ಸರಿಯುತ್ತರ ಕಳಿಸಿದವರ ಹೆಸರುಗಳನ್ನು ಹಾಕಿ ಚೀಟಿ ಎತ್ತುತ್ತಿದ್ದರು. ಒಬ್ಬರಿಗೆ ಒಂದೇ ಕೂಪನ್ ಎಂಬ ನಿಯಮ. ಆದ್ದರಿಂದ ಕೂಪನ್ ಕಳಿಸುವ ಎಲ್ಲರೂ ಮಾಡುವ ಹಾಗೆ ಅವಳೂ ಮನೆಯವರೆಲ್ಲರ ಹೆಸರಿನಲ್ಲಿ ಕಳಿಸುತ್ತಿದ್ದಳು. ಮೊದಲು ಗಂಡನ ಹೆಸರು, ಆಮೇಲೆ ಮಗ ಸಂದೇಶ್, ಆಮೇಲೆ ಸೊಸೆ ವಿಸ್ಮಿತಾ. ಮತ್ತೊಂದು ಪೇಪರು ಸಿಕ್ಕಿದರೆ ತನ್ನದು. ಹೆಚ್ಚಿನ ವಾರ ಸಿಗುತ್ತಿರಲಿಲ್ಲ.

ಹೀಗೆ ಇಪ್ಪತ್ತೇಳು ವರ್ಷಗಳಲ್ಲಿ ‘ಪದ್ಮಯ್ಯ, ಮಡಂತ್ಯಾರು’ ಎಂದು ಪೇಪರಿನಲ್ಲಿ ಎಷ್ಟೋ ಸಲ ಬಂತು. ಹಾಲಿನ ಸೊಸೈಟಿಯಲ್ಲಿ ನಿರ್ದೇಶಕನಾಗಿದ್ದ ಅವನಿಗೆ ಪದಬಂಧ ಪದ್ಮಯ್ಯ ಎಂಬ ಹೆಸರೇ ಬಿತ್ತು. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದರು. ಅವನು ಹೊದಿಸಿಕೊಂಡ. ಸೇಸಮ್ಮ ಹೆಂಗಸರ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಮನೆಗೆ ಬಂದ ಮರ್ಯಾದೆ, ಯಾರ ಹೆಗಲ ಮೇಲೆ ಬಿದ್ದರೇನು ಎಂದು ಆಗ ಅವಳಿಗೆ ಅನಿಸಿತ್ತು.

ಟೀವಿಯವರ ಫಾರ್ಮು ಪೇಪರಿನಲ್ಲಿ ಬಂದ ದಿನ ಅವಳು ಸಂದೇಶನಿಗೆ ಹೇಳಿ ನಾಲ್ಕು ಪೇಪರು ತರಿಸಿದ್ದಳು. ನಾಲ್ಕನ್ನೂ ತುಂಬಿ, ಒಂದೇ ಲಕೋಟೆಯಲ್ಲಿ ಅದೇ ಕ್ರಮದಲ್ಲಿ ಇಟ್ಟು ಕಳಿಸಿದ್ದಳು. ನಾಲ್ಕನೆಯದರಲ್ಲಿ ತನ್ನ ಹೆಸರು ಬರೆದಿದ್ದಳು.

ಸಂಜೆ ವಿಸ್ಮಿತಾ ಮಿಜಾರಿನ ಕಾಲೇಜು ಆಫೀಸಿನಿಂದ ಬಂದವಳು ಸುದ್ದಿ ಕೇಳಿ ಬ್ಯಾಗು ಇಳಿಸದೆ ನಿಂತಳು.

"ಮಾವ ಹೋಗುವುದಾ? ಅತ್ತೆ ಅಲ್ವಾ ಹೋಗ್ಬೇಕಾದ್ದು?"

"ಫೋನು ಬಂದದ್ದು ಯಾರಿಗೆ?" ಅಂದ ಪದ್ಮಯ್ಯ.

"ಬಿಡಿಸಿದ್ದು ಯಾರು?"

"ನೋಡು ಮಾರಾಯ್ತಿ, ನಾನು ಬೇಡ ಹೇಳ್ಲಿಲ್ಲ. ಅವಳ ಹೆಸರಿಗೆ ಬಂದಿದ್ರೆ ಅವಳೇ ಹೋಗ್ತಿದ್ಲು. ಬರ್ಲಿಲ್ಲ. ನಾನೆಂತ ಮಾಡ್ಲಿ?"

ಮರುದಿನ ಊಟದ ಬಿಡುವಿನಲ್ಲಿ ವಿಸ್ಮಿತಾ ಟೀವಿಯವರಿಗೆ ಫೋನು ಮಾಡಿದಳು. ಆ ಹುಡುಗಿ ಕಂಪ್ಯೂಟರು ನೋಡಿ ಹೇಳಿದಳು, "ಮೇಡಂ, ನಿಮ್ಮ ಮನೆಯಿಂದ ನಾಲ್ಕು ಬಂದಿವೆ. ಒಂದು ಮನೆಗೆ ಒಂದೇ ಅರ್ಜಿ. ಮೊದಲನೇದು ಇಟ್ಕೊಂಡು ಮಿಕ್ಕಿದ್ದು ರಿಜೆಕ್ಟ್ ಮಾಡಿದೀವಿ. ಫಾರ್ಮ್ ಕೆಳಗೆ ಬರೆದಿದೆ ನೋಡಿ."

"ನಿಜವಾಗಿ ಬಿಡಿಸಿದ್ದು ನಮ್ಮ ಅತ್ತೆ."

"ಅಯ್ಯೋ, ಹಾಗೆಲ್ಲ ಹೇಳ್ಬೇಡಿ ಮೇಡಂ. ಆಗ ಸರ್‌ದೂ ಕ್ಯಾನ್ಸಲ್ ಆಗತ್ತೆ. ಒಂದ್ಕೆಲಸ ಮಾಡಿ. ಸೆಲೆಕ್ಟ್ ಆದವರ ಜೊತೆಗೆ ಒಬ್ಬರು ಜೊತೆಗಾರರು ಕೂತ್ಕೋಬಹುದು. ಮೂರು ಪ್ರಶ್ನೆಗೆ ಅವರು ಉತ್ತರ ಹೇಳ್ಬಹುದು."

ವಿಸ್ಮಿತಾ ಮನೆಗೆ ಬಂದು ಇದನ್ನು ಹೇಳಿದಾಗ ಎಲ್ಲರಿಗೂ ಸಮಾಧಾನವಾಯಿತು. ಸೇಸಮ್ಮ ಮಾತ್ರ ಫಾರ್ಮಿನ ಉಳಿದ ತುಂಡನ್ನು ಹುಡುಕಿ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದಳು.

"ಇಷ್ಟು ವರ್ಷ ಅಡ್ಡ, ನೇರ ಎಲ್ಲ ಓದಿದೆ," ಅಂದಳು. "ಇದೊಂದು ಓದ್ಲಿಲ್ಲ."

"ನಿನ್ನದನ್ನು ಮೊದಲು ಇಡ್ಬೇಕಿತ್ತು ಅಮ್ಮ," ಅಂದ ಸಂದೇಶ್.

"ಯಾವ ಮನೆಯಲ್ಲಿ ಇಡ್ತಾರೆ?"

ಮಡಂತ್ಯಾರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇನ್ನೊಬ್ಬರ ಪಿಕಪ್ಪಿಗೆ ಸಿಮೆಂಟು ತುಂಬಿಸುತ್ತಿದ್ದ ಸಂದೇಶನಿಗೆ ಐದು ಲಕ್ಷದ ಬಹುಮಾನ ಎಂದರೆ ಒಂದು ಸ್ವಂತ ಪಿಕಪ್ಪು. ಅದು ಯಾರ ಹೆಸರಿನಲ್ಲಿ ಬರುತ್ತದೆ ಎಂದು ಅವನು ಯೋಚಿಸುವ ಹಾಗೆ ಕಾಣಲಿಲ್ಲ.

ಸೇಸಮ್ಮ ಒಪ್ಪಿದಳು. ಟೀವಿಯಲ್ಲಿ ಆ ದೊಡ್ಡ ಬೋರ್ಡನ್ನು ಅವಳು ವಾರಕ್ಕೆ ಐದು ದಿನ ನೋಡುತ್ತಿದ್ದಳು. ಒಗ್ಗರಣೆಗೆ ಇಟ್ಟು ಬಂದು ನೋಡಿ, ಅಲ್ಲಿ ಕೂತವರು ತಡವರಿಸುವಾಗ ಇಲ್ಲಿಂದಲೇ ಉತ್ತರ ಹೇಳಿ, ಸಾಸಿವೆ ಸೀದ ವಾಸನೆಗೆ ಒಳಗೆ ಓಡುತ್ತಿದ್ದಳು. ಮೂರು ಪ್ರಶ್ನೆಯಾದರೆ ಮೂರು. ಒಮ್ಮೆ ಅದರ ಎದುರು ಕೂತುಕೊಳ್ಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಮೂರು ವಾರ ಗಂಡನಿಗೆ ಪಾಠವಾಯಿತು. ಅವಳು ಟ್ರೇಗಳಿಗೆ ಹಾಲು ಹೊಯ್ಯುತ್ತಿದ್ದರೆ ಅವನು ಸ್ಟೂಲು ಹಾಕಿ ಕೂತು, ಕಾಲು ಅಲ್ಲಾಡಿಸುತ್ತ ಕೇಳುತ್ತಿದ್ದ.

"ಸೂರ್ಯನ ಸಾರಥಿ. ಮೂರಕ್ಷರ."

"ಕೃಷ್ಣ."

"ಕೃಷ್ಣ ಅರ್ಜುನನ ಸಾರಥಿ. ಎರಡೇ ಅಕ್ಷರ."

"ಒಂದು ಕಮ್ಮಿ ಆದ್ರೆ ಆಗುದಿಲ್ವಾ?"

"ಅರುಣ. ನಿನ್ನೆ ಸಹ ಹೇಳಿದ್ದೇನೆ. ಆನೆಯನ್ನು ನಡೆಸುವವನು, ಮೂರಕ್ಷರ."

"ಅದು ಗೊತ್ತುಂಟು. ಮಾವುತ!"

"ಆಯ್ತು. ಉಪಕಾರ ಮರೆತವನು, ಮೂರಕ್ಷರ."

ಪದ್ಮಯ್ಯನ ಕಾಲು ನಿಂತಿತು. "ನನ್ನನ್ನು ಹೇಳುವುದಾ?"

"ಹದಿನಾರು, ಮೇಲಿನಿಂದ ಕೆಳಗೆ," ಅಂದಳು ಸೇಸಮ್ಮ, ಆಸಿಡಿನ ಬಾಟಲಿ ಮುಚ್ಚುತ್ತ. "ಪೇಪರಲ್ಲಿ ಉಂಟು. ನೋಡಿ ಬೇಕಾದ್ರೆ."

ಅವನು ನೋಡಿದ. ಇತ್ತು.

ಆಡಿಷನ್ನಿನ ದಿನ ಸಂದೇಶ್ ಅಂಗಡಿ ಬಿಡಲಾಗದೆ ಉಳಿದ. ಉಳಿದ ಮೂವರು ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ ಹೋದರು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಭಾನುವಾರವೂ ಕಾಲೇಜು ಹುಡುಗರ ಗದ್ದಲ. ಪದ್ಮಯ್ಯ ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ. ಸೇಸಮ್ಮ ಮಗನ ಮದುವೆಗೆ ಉಟ್ಟ ಸೀರೆ.

ಹಾಲ್‌ನಲ್ಲಿ ಅರವತ್ತು ಜನ. ಮೊದಲು ಅರ್ಧ ಗಂಟೆ ಬರಹದ ಪರೀಕ್ಷೆ, ಇಪ್ಪತ್ತು ಪ್ರಶ್ನೆ. ಪದ್ಮಯ್ಯ ಉತ್ತರ ಒಪ್ಪಿಸಿ ಹೊರಗೆ ಬಂದು, ಗುರುತು ಹಾಕಿದ ಪ್ರಶ್ನೆಯ ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟ. ಐದು ಬರೆದಿದ್ದ. ಐದರಲ್ಲಿ ಒಂದು ತಪ್ಪು. ಉಳಿದ ಹದಿನೈದನ್ನು ಸೇಸಮ್ಮ ನಿಂತಲ್ಲೇ ಮನಸ್ಸಿನಲ್ಲಿ ತುಂಬಿದಳು. ಒಂದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು.

"ಇನ್ನು ಮನೆಗೆ ಹೋಗುವ," ಅಂದಳು. "ಆಗ್ಲಿಲ್ಲ ಅಲ್ವಾ."

ಆದರೆ ಟೀವಿಯವರು ಯಾರನ್ನೂ ಕಳಿಸಲಿಲ್ಲ. ಈಗ ಕ್ಯಾಮೆರಾ ಎದುರು ಎರಡೆರಡು ನಿಮಿಷ ಮಾತಾಡಬೇಕು, ಮನೆಯವರು ಹಿಂದೆ ಕೂತು ನೋಡಬಹುದು ಎಂದರು. ಪದ್ಮಯ್ಯನ ಸರದಿ ಬಂದಾಗ ಕಪ್ಪು ಟೀ ಶರ್ಟಿನವನೊಬ್ಬ ಕೇಳಿದ, "ಹೇಳಿ ಸರ್, ಈ ಪದಬಂಧದ ಹುಚ್ಚು ಹೇಗೆ ಹತ್ತಿತು ನಿಮಗೆ?"

ಪದ್ಮಯ್ಯ ಗಂಟಲು ಸರಿ ಮಾಡಿಕೊಂಡ. ಆಮೇಲೆ ಶಾಲೆಯ ಕನ್ನಡದಲ್ಲಿ, ನಿಧಾನವಾಗಿ ಹೇಳತೊಡಗಿದ.

"ನನ್ನನ್ನು ಏಳನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದರು ಸರ್. ತಮ್ಮ ತಂಗಿಯರನ್ನು ನೋಡಿಕೊಳ್ಳಲಿಕ್ಕೆ ಜನ ಇರಲಿಲ್ಲ. ಮನೆಯಲ್ಲಿ ಪುಸ್ತಕ ಇಲ್ಲ. ಅಂಗಡಿಯಿಂದ ಒಣಮೀನು, ಬೆಲ್ಲ ಕಟ್ಟಿಕೊಟ್ಟ ಪೇಪರು ಬರುತ್ತಿತ್ತಲ್ಲ, ಅದನ್ನು ಬಿಡಿಸಿ, ಕೈಯಲ್ಲಿ ಉಜ್ಜಿ ನೇರ ಮಾಡಿ ಓದುತ್ತಿದ್ದೆ. ಪೇಪರು ಹರಿದಲ್ಲಿ ಪದ ಅರ್ಧಕ್ಕೆ ನಿಲ್ಲುತ್ತಿತ್ತು. ಉಳಿದ ಅರ್ಧ ಏನಿರಬಹುದು ಅಂತ ಇಡೀ ದಿನ ಯೋಚಿಸುತ್ತಿದ್ದೆ. ಹಾಗೆ ಶುರುವಾದದ್ದು."

ಕಪ್ಪು ಟೀ ಶರ್ಟಿನವನು ಕ್ಯಾಮೆರಾದವನಿಗೆ ಕೈಸನ್ನೆ ಮಾಡಿ ಇನ್ನೂ ಹತ್ತಿರ ಕಳಿಸಿದ. ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು.

ವಿಸ್ಮಿತಾ ಪಕ್ಕಕ್ಕೆ ತಿರುಗಿದಳು. ಅತ್ತೆ ಚಪ್ಪಾಳೆ ಹೊಡೆಯಲಿಲ್ಲ. ಮಡಿಲಲ್ಲಿದ್ದ ಬುತ್ತಿಯ ಚೀಲವನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು.

ಪದ್ಮಯ್ಯ ಹತ್ತನೇ ಕ್ಲಾಸಿನವರೆಗೆ ಬೆಳ್ತಂಗಡಿಯಲ್ಲಿ ಸೋದರಮಾವನ ಮನೆಯಲ್ಲಿ ನಿಂತು ಓದಿದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಸೇಸಮ್ಮ. ಒಣಮೀನಿನ ಪೇಪರು ಉಜ್ಜಿದವಳು ಅವಳು. ಮದುವೆಯಾದ ಮೊದಲ ವರ್ಷ, ಇನ್ನೂ ಮಾತಾಡಲು ನಾಚಿಕೆಯಾಗುತ್ತಿದ್ದ ದಿನಗಳಲ್ಲಿ, ಗಂಡ ಕೇಳಿದ ಎಂದು ಹೇಳಿದ್ದಳು. ಬೇರೆ ಯಾರಿಗೂ ಹೇಳಿರಲಿಲ್ಲ. ಮಗನಿಗೂ ಹೇಳಿರಲಿಲ್ಲ.

ನಾಲ್ಕು ಗಂಟೆಗೆ ಆಯ್ಕೆಯಾದವರ ಹೆಸರು ಓದಿದರು. ಆರು ಜನ. ಅದರಲ್ಲಿ ಪದ್ಮಯ್ಯನ ಹೆಸರಿತ್ತು. ಇಪ್ಪತ್ತಕ್ಕೆ ಹದಿನೇಳು ಬರೆದ ಪುತ್ತೂರಿನ ಟೀಚರ ಹೆಸರಿರಲಿಲ್ಲ. ಆಕೆ ಹೋಗಿ ಕೇಳಿದಾಗ, "ಮೇಡಂ, ಬರಹದ ಪರೀಕ್ಷೆ ಸುಮ್ನೆ ಒಂದು ಅಂದಾಜಿಗೆ," ಎಂದರು.

ಬಸ್ಸಿನಲ್ಲಿ ವೇಣೂರು ದಾಟುವ ತನಕ ಪದ್ಮಯ್ಯ ಫೋನಿನಲ್ಲಿ ಸೊಸೈಟಿಯವರಿಗೆ ಸುದ್ದಿ ಕಳಿಸುತ್ತಿದ್ದ. ಸೇಸಮ್ಮ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಬುತ್ತಿಯನ್ನು ಯಾರೂ ಬಿಚ್ಚಿರಲಿಲ್ಲ.

ಮನೆಗೆ ಬಂದು, ಸೀರೆ ಬದಲಿಸಿ, ನೀರುದೋಸೆಗೆ ನೆನೆಹಾಕಿದ್ದ ಅಕ್ಕಿ ತೊಳೆಯುತ್ತ ಅವಳು ಕೇಳಿದಳು, "ಅದು ಯಾರದ್ದು ಕಥೆ?"

"ಯಾವುದು?"

"ಗೊತ್ತುಂಟು ನಿಮಗೆ."

ಪದ್ಮಯ್ಯ ಅಂಗಿಯ ಗುಂಡಿ ಬಿಚ್ಚುತ್ತಿದ್ದ. "ಅವರು ಏಕಾಏಕಿ ಕೇಳಿದ್ರು. ನನಗೆ ಎಂತ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಅದು ಬಾಯಿಗೆ ಬಂತು. ಅಷ್ಟಕ್ಕೆ ನೀನು ಮೂರು ಗಂಟೆ ಮೋರೆ ತಿರುಗಿಸಿ ಕೂತದ್ದಾ?"

"ನಾನು ನಿಮಗೆ ಹೇಳಿದ್ದು ಅದು. ನಿಮಗೆ ಮಾತ್ರ."

"ಗಂಡ ಹೆಂಡತಿಯಲ್ಲಿ ನಿಂದು ನಂದು ಅಂತ ಉಂಟಾ? ಬಂದ ಮರ್ಯಾದೆ ಮನೆಗೇ ಅಲ್ವಾ?"

"ಕೂಪನ್ನಿಗೆ ಹಾಗೆ ಹೇಳಿದ್ರಿ, ನಾನೂ ಹೌದು ಅಂದೆ. ಅದು ಉತ್ತರ. ಇದು ನಾನು ಅನುಭವಿಸಿದ್ದು. ನಿಮ್ಮನ್ನು ಶಾಲೆ ಬಿಡಿಸಿದ್ರಾ? ನೀವು ತಮ್ಮನ ಹೇಲು ತೊಳೆದದ್ದಾ?"

ಸಂದೇಶ್ ಒಳಗೆ ಬಂದ. "ಅಮ್ಮ, ಮೆಲ್ಲ. ಆಚೆ ಮನೆಗೆ ಕೇಳ್ತದೆ."

"ಕೇಳ್ಲಿ."

"ಸೆಲೆಕ್ಟ್ ಆಯ್ತಲ್ಲ, ಅದನ್ನು ನೋಡು. ಜೊತೆಗಾರ ಅಂತ ನೀನೇ ಅಲ್ವಾ ಹೋಗುದು? ಮೂರು ಪ್ರಶ್ನೆ ನಿನಗೆ ಉಂಟಲ್ಲ."

"ಉಳಿದದ್ದೆಲ್ಲ ಅವರು ತಿಂದು, ಮೂರು ನನಗೆ ಬಡಿಸುದಾ?"

"ನೀವು ಸುಮ್ನಿರಿ," ಅಂದಳು ವಿಸ್ಮಿತಾ ಗಂಡನಿಗೆ. "ನೀವು ಅಲ್ಲಿ ಇರ್ಲಿಲ್ಲ."

ಆ ವಾರ ಮನೆಗೆ ಜನ ಬಂದದ್ದೇ ಬಂದದ್ದು. ಸೊಸೈಟಿಯ ಕಾರ್ಯದರ್ಶಿ ಕುಶಾಲಪ್ಪ ಬಂದ. ಆಚೆ ಮನೆಯ ರುಕ್ಮಯ್ಯ ದಿನಾ ಬಂದ. ಪದ್ಮಯ್ಯ ಜಗಲಿಯಲ್ಲಿ ಕೂತು ಒಣಮೀನಿನ ಪೇಪರಿನ ಕಥೆಯನ್ನು ಎಲ್ಲರಿಗೂ ಹೇಳಿದ. ಹೇಳುತ್ತ ಹೇಳುತ್ತ ಅದು ಬೆಳೆಯಿತು. ಈಗ ಅದರಲ್ಲಿ ಚಿಮಣಿ ದೀಪ ಇತ್ತು, ಹರಿದ ಅಂಗಿ ಇತ್ತು. ಸೇಸಮ್ಮ ಒಳಗಿನಿಂದ ಚಾ ಕಳಿಸಿದಳು. ಸಕ್ಕರೆ ಹಾಕಿದ್ದಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಮುಂದಿನ ಬುಧವಾರ ಟೀವಿಯವರು ಮನೆಯ ವಿಡಿಯೋ ಮಾಡಲು ಬಂದರು. ಮೋಕ್ಷಿತಾ ಎಂಬ ಹುಡುಗಿ, ಕ್ಯಾಮೆರಾ ಹಿಡಿದ ಇಬ್ಬರು. ಹುಡುಗಿ ಅಂಗಳದಲ್ಲೆಲ್ಲ ಓಡಾಡಿ, ರಬ್ಬರ್ ಶೆಡ್ಡಿನ ಮೆಟ್ಟಿಲು ನೋಡಿ, "ಇಲ್ಲೇ ಕೂತು ಮಾಡ್ತೀರಾ ಸರ್? ಸೂಪರ್!" ಅಂದಳು. ಪದ್ಮಯ್ಯ ಆ ಮೆಟ್ಟಿಲ ಮೇಲೆ ಕೂತದ್ದು ಅದೇ ಮೊದಲು. ಅವನ ಮೊಣಕಾಲ ಮೇಲೆ ಆ ದಿನದ ಪೇಪರು ಇಟ್ಟರು. ಸೇಸಮ್ಮ ಅದನ್ನು ಇನ್ನೂ ಮುಟ್ಟಿರಲಿಲ್ಲ.

"ಅಮ್ಮ, ನೀವು ಟ್ರೇಯಲ್ಲಿ ಟೀ ತಂದು ಸರ್ ಪಕ್ಕ ಇಡಿ. ಸ್ವಲ್ಪ ನಗ್ತಾ."

ಸೇಸಮ್ಮ ತಂದಿಟ್ಟಳು. ನಗಲಿಲ್ಲ.

"ಸರ್, ಈಗ ನೀವು ಬರೀರಿ."

ಪದ್ಮಯ್ಯ ಪೆನ್ನು ಹಿಡಿದು ಚೌಕಗಳನ್ನು ನೋಡಿದ. ಒಂದು ಸುಳಿವು ಓದಿದ. ಇನ್ನೊಂದು ಓದಿದ. ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಎರಡನ್ನೂ ತಲೆಕೆಳಗಾಗಿಯೇ ಓದಿದ್ದಳು. ಎರಡೂ ಗೊತ್ತಿತ್ತು. ಅವಳು ಬಾಯಿ ತೆರೆಯಲಿಲ್ಲ. ರಬ್ಬರ್ ಮರಗಳಿಗೆ ಕಟ್ಟಿದ ಚಿಪ್ಪುಗಳಲ್ಲಿ ಹಾಲು ತೊಟ್ಟಿಕ್ಕುವುದು ಕೇಳುವಷ್ಟು ಹೊತ್ತು ಹಾಗೇ ಕಳೆಯಿತು.

"ಪರವಾಗಿಲ್ಲ ಸರ್, ಏನೋ ಒಂದು ಬರೀರಿ," ಅಂದಳು ಮೋಕ್ಷಿತಾ. "ಅಕ್ಷರ ಕಾಣೋದಿಲ್ಲ. ಕೈ ಓಡಿದ್ರೆ ಸಾಕು."

ಪದ್ಮಯ್ಯನ ಮುಖದಲ್ಲಿ ನಿರಾಳ ಕಂಡಿತು. ಅವನು ಬರೆಯತೊಡಗಿದ. ಕ, ಮ, ರ, ಸ. ಕೈಗೆ ಬಂದ ಅಕ್ಷರ, ಸಿಕ್ಕಿದ ಚೌಕ. ಬೇಗ ಬೇಗ ತುಂಬಿದ. ಹುಬ್ಬು ಗಂಟಿಕ್ಕಿ, ನಡುವೆ ನಿಲ್ಲಿಸಿ ಯೋಚಿಸಿದ ಹಾಗೆ ಮಾಡಿ, ಮತ್ತೆ ತುಂಬಿದ. ಕ್ಯಾಮೆರಾದವನು, "ಚೆನ್ನಾಗಿ ಬಂತು," ಅಂದ.

ಅವರು ಹೋದ ಮೇಲೆ ಸೇಸಮ್ಮ ಮೆಟ್ಟಿಲ ಮೇಲಿಂದ ಪೇಪರು ಎತ್ತಿದಳು. ಇಡೀ ಪದಬಂಧ ತುಂಬಿತ್ತು. ಒಂದಾದರೂ ಪದವಾಗಿರಲಿಲ್ಲ. ಅವಳು ಅದನ್ನು ಮಡಚಿ ಒಳಗೆ ತಂದು, ಊಟಕ್ಕೆ ಕೂತಿದ್ದ ಗಂಡನ ಬಟ್ಟಲಿನ ಪಕ್ಕ ಇಟ್ಟಳು.

"ನಾನು ಬೆಂಗಳೂರಿಗೆ ಬರುದಿಲ್ಲ."

"ಎಂತ?"

"ಜೊತೆಗೆ ಬರುದಿಲ್ಲ. ಇನ್ನು ಪಾಠ ಸಹ ಇಲ್ಲ. ನಿಮಗೆ ಬರೀಲಿಕ್ಕೆ ಬರ್ತದಲ್ಲ. ಕೈ ಓಡಿದ್ರೆ ಸಾಕಂತೆ."

"ಹುಚ್ಚಾ ನಿನಗೆ? ಹದಿನೆಂಟಕ್ಕೆ ಶೂಟಿಂಗು."

"ಸಂದೇಶನನ್ನು ಕರ್ಕೊಂಡು ಹೋಗಿ."

ಸಂದೇಶ್ ಊಟ ಬಿಟ್ಟು ಅಮ್ಮನ ಹಿಂದೆ ಅಡುಗೆಮನೆಗೆ ಹೋದ. ಒಲೆಯ ಹತ್ತಿರ ಕೂತು ಗೋಗರೆದ. "ಅಮ್ಮ, ನಿನಗೆ ಸಹ ಆಸೆ ಇತ್ತಲ್ಲ. ಆ ಬೋರ್ಡಿನ ಎದುರು ಕೂರುವ ಅಂತ. ನೀನೇ ಹೇಳಿದ್ದು."

ಸೇಸಮ್ಮನ ಪಾತ್ರೆ ಒರೆಸುತ್ತಿದ್ದ ಕೈ ನಿಂತಿತು.

"ಇತ್ತು," ಅಂದಳು. "ಈಗಲೂ ಉಂಟು. ಆದ್ರೆ ಅಲ್ಲಿ ಅವರು ಕಥೆ ಹಾಕ್ತಾರೆ ಮೊದಲು. ಇವರ ಮೋರೆ ತೋರಿಸಿ, ನನ್ನ ಕಥೆ ಹಾಕ್ತಾರೆ. ನಾನು ಪಕ್ಕದಲ್ಲಿ ಕೂತು ಅದನ್ನು ನೋಡ್ಬೇಕು. ನೋಡಿ ನಗಬೇಕು. ಆಗ್ತದಾ ನಿನಗಾದ್ರೆ?"

ಸಂದೇಶ್ ಎದ್ದು ಹೋದ. ಎರಡು ದಿನ ಅಮ್ಮನೊಂದಿಗೆ ಮಾತಾಡಲಿಲ್ಲ. ಪದ್ಮಯ್ಯ ಮೊದಲು ಬೈದ, ಆಮೇಲೆ ಊಟ ಬಿಟ್ಟ, ಆಮೇಲೆ ತಾನೇ ಬಡಿಸಿಕೊಂಡು ಉಂಡ. ಹದಿನಾರನೇ ತಾರೀಕು ದನದ ಹಟ್ಟಿಯ ಹಿಂದೆ ಹೋಗಿ ಯಾರಿಗೋ ಮೆಲ್ಲಗಿನ ದನಿಯಲ್ಲಿ ಫೋನು ಮಾಡಿದ. ಒಳಗೆ ಬಂದು, "ಬೇಡ ಹೇಳಿದೆ ಅವರಿಗೆ. ಸಮಾಧಾನ ಆಯ್ತಾ?" ಅಂದ.

ಸೇಸಮ್ಮನಿಗೆ ಸಮಾಧಾನವಾಗಲಿಲ್ಲ. ಆದರೂ ಮುಗಿಯಿತಲ್ಲ ಎಂದುಕೊಂಡಳು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಅವಳು ಶೆಡ್ಡಿನಲ್ಲಿ ಮೆಷಿನ್ ತಿರುಗಿಸಿ ರಬ್ಬರ್ ಶೀಟು ಒತ್ತುತ್ತಿದ್ದಳು. ಒಂಬತ್ತು ಶೀಟು ಮುಗಿದು ಹತ್ತನೆಯದು ಅರ್ಧಕ್ಕೆ ಬಂದಿತ್ತು. ಅಂಗಳದಲ್ಲಿ ರುಕ್ಮಯ್ಯನ ಸ್ವರ ಕೇಳಿತು.

"ಸೇಸಕ್ಕ ಹೇಗಿದ್ದಾರೆ ಈಗ? ಮಲಗಿದ್ದಾರಾ?"

"ಹಾಂ, ಹಾಗೇ ಉಂಟು," ಅಂದ ಪದ್ಮಯ್ಯ, ಜಗಲಿಯಿಂದ.

"ಎಂತ ಹೇಳಿದ್ರು ಡಾಕ್ಟ್ರು?"

"ಟೆನ್ಶನ್ ಆಗ್ಬಾರ್ದು ಅಂತ. ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ ರುಕ್ಮಯ್ಯ. ಟೀವಿ ಎಂತದು, ಇವತ್ತು ಬರ್ತದೆ ನಾಳೆ ಹೋಗ್ತದೆ."

"ಸೊಸೈಟಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು ಮಾರಾಯ. ಐದು ಲಕ್ಷ ಹೆಂಡತಿಗೋಸ್ಕರ ಬಿಟ್ಟ ಅಂತ. ಎಷ್ಟು ಜನ ಬಿಡ್ತಾರೆ? ಕುಶಾಲಪ್ಪ ಹೇಳ್ತಿದ್ದ, ವಾರ್ಷಿಕ ಸಭೆಯಲ್ಲಿ ನಿನಗೊಂದು ಸನ್ಮಾನ ಇಡುವ ಅಂತ."

ಮೆಷಿನಿನ ಹಿಡಿ ನಿಂತಿತು. ಸೇಸಮ್ಮ ಶೀಟನ್ನು ಅರ್ಧದಲ್ಲೇ ಬಿಟ್ಟು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಅಂಗಳಕ್ಕೆ ಬಂದಳು. ಜಗಲಿಯಲ್ಲಿ ಕೂತಿದ್ದ ರುಕ್ಮಯ್ಯನ ಕೈಯಲ್ಲಿ ಒಂದು ಬ್ರೆಡ್ಡಿನ ಪ್ಯಾಕೆಟು, ನಾಲ್ಕು ಕಿತ್ತಳೆ ಇದ್ದವು. ಬೆವರು ಇಳಿಯುತ್ತಿದ್ದ, ತೋಳು ತನಕ ಒದ್ದೆಯಾಗಿದ್ದ ಅವಳನ್ನು ಕಂಡು ಅವನು ಪ್ಯಾಕೆಟು ಹಿಡಿದುಕೊಂಡೇ ಎದ್ದು ನಿಂತ.

"ಸೇಸಕ್ಕ, ಹುಷಾರಿಲ್ಲ ಅಂತ..."

"ಯಾರಿಗೆ ಹುಷಾರಿಲ್ಲ? ಬೆಳಿಗ್ಗೆಯಿಂದ ಒಂಬತ್ತು ಶೀಟು ಒತ್ತಿದ್ದೇನೆ."

"ಸೇಸಮ್ಮ, ನೀನು ಒಳಗೆ ಹೋಗು," ಅಂದ ಪದ್ಮಯ್ಯ.

ಅವಳು ಹೋಗಲಿಲ್ಲ. ಗಂಡಸರು ಬಂದಾಗ ಬಾಗಿಲ ಹಿಂದೆ ನಿಂತೇ ಮಾತಾಡುತ್ತಿದ್ದವಳು ಜಗಲಿ ಹತ್ತಿ, ಗೋಡೆಗೆ ಒರಗಿಸಿದ್ದ ಇನ್ನೊಂದು ಕುರ್ಚಿಯನ್ನು ಎಳೆದು, ಇಬ್ಬರ ನಡುವೆ ಹಾಕಿ ಕೂತಳು.

"ಆ ಒಣಮೀನಿನ ಪೇಪರಿನ ಕಥೆ ಕೇಳಿದ್ದೀರಲ್ಲ ನೀವು?"

"ಕೇಳಿದ್ದೇನೆ. ಎಷ್ಟೋ ಸಲ."

"ಏಳನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದ್ದು ನನ್ನನ್ನು. ಪದ್ಮಯ್ಯನನ್ನಲ್ಲ."

ಮದುವೆಯಾಗಿ ಮೂವತ್ತೆರಡು ವರ್ಷಗಳಾಗಿದ್ದವು. ಸಾವಿರಾರು ಕೂಪನ್ನುಗಳಲ್ಲಿ ಬರೆದಿದ್ದ ಆ ಹೆಸರನ್ನು ಸೇಸಮ್ಮ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ರುಕ್ಮಯ್ಯ ಅವನನ್ನು ನೋಡಿದ, ಅವಳನ್ನು ನೋಡಿದ. ಚಪ್ಪಲಿ ಕಡೆಗೆ ಕಾಲು ಸರಿಸಿದ.

"ಹಾಗಾದ್ರೆ... ಪೇಪರಲ್ಲಿ ಬರ್ತಿದ್ದದ್ದು?"

"ಅದು ಸಹ ನಾನೇ. ಚಪ್ಪಲಿ ಹಾಕ್ಬೇಡಿ ರುಕ್ಮಯ್ಯಣ್ಣ. ಕೂತ್ಕೊಳ್ಳಿ. ನಾನು ಈಗ ಶುರು ಮಾಡಿದ್ದಷ್ಟೆ."